ಬಿಸಿ ಸೀಟಿನ ತಗಾದೆ

ಅಮೆರಿಕದ ಮಿಷಿಗನ್‌ನಂಥ ಕಡೆ ಬೈಕ್ ಓಡಿಸುವವರಿಗೆ ವರ್ಷವೆಂದರೆ ಹೆಚ್ಚುಕಡಿಮೆ ಏಪ್ರಿಲ್‌ನಿಂದ ಅಕ್ಟೋಬರ್. ಚಳಿಗಾಲ ಬಂತೆಂದರೆ ರಸ್ತೆಗೆ ಉಪ್ಪು ಸುರಿಯುತ್ತಾರೆ, ಬೈಕು ಗ್ಯಾರೇಜು ಸೇರುತ್ತದೆ. ಹಾಗಾಗಿ ಋತುವಿನ ಹಿಂದೊಂದೆರಡು ವಾರ, ಮುಂದೊಂದೆರಡು ವಾರ ಹೆಚ್ಚಿಗೆ ಓಡಿಸಲು ಸಿಕ್ಕಿದರೂ ಅವರಿಗೆ ಅದು ದೊಡ್ಡ ಗಳಿಕೆ. ಬಿಸಿಯಾಗುವ ಸೀಟಿಗೆ ಗಿರಾಕಿ ಹುಟ್ಟುವುದು ಈ ಆಸೆಯಿಂದ. ಗಾಳಿಯ ಚಳಿಯನ್ನು ಅಳೆಯಲು ಅಮೆರಿಕ, ಕೆನಡಾ ಎರಡೂ 2001ರಿಂದ ಬಳಸುತ್ತಿರುವ ಸೂತ್ರದ ಪ್ರಕಾರ ಸೊನ್ನೆ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದ ಗಾಳಿ ಬಡಿದರೆ ಬರಿಮೈಗೆ ತಟ್ಟುವುದು ಸುಮಾರು ಮೈನಸ್ 10ರ ಚಳಿ. ಅಂಥ ಬೆಳಗಿನಲ್ಲಿ ಕೆಳಗಿನಿಂದ ಬರುವ ಒಂದಿಷ್ಟು ಬಿಸಿಯನ್ನು ಷೋಕಿ ಎನ್ನುವುದು ಸರಿಯಲ್ಲ.

ದೊಡ್ಡ ಟೂರಿಂಗ್ ಬೈಕುಗಳಲ್ಲಿ ಈ ಸೌಕರ್ಯ ಕಂಪನಿಯಿಂದಲೇ ಬರುತ್ತದೆ. ಹೋಂಡಾ ಗೋಲ್ಡ್ ವಿಂಗ್‌ಗೆ 2006ರ ಮಾಡೆಲ್‌ನಿಂದಲೇ ಬಿಸಿ ಸೀಟು, ಬಿಸಿ ಹಿಡಿಕೆ ಸಿಗುತ್ತಿತ್ತು. ಇಲ್ಲದವರು ಹೊರಗಿನ ತಯಾರಕರ ಹತ್ತಿರ ಹೋಗಬೇಕು. ಅಲ್ಲಿ ಸಿಗುವುದು ಒಂದೋ ಇಡೀ ಸೀಟು, ಇಲ್ಲವೇ ಇರುವ ಸೀಟಿನ ರೆಕ್ಸಿನ್ ಬಿಚ್ಚಿ ಫೋಮಿನ ಮೇಲೆ ಹಾಸುವ ಪ್ಯಾಡು. ಕಾರ್ಬನ್ ಎಳೆಯೋ ತಂತಿಯೋ ಹೆಣೆದ ತೆಳುವಾದ ಹಾಸು, ಒಂದು ಸ್ವಿಚ್ಚು, ಒಂದು ರಿಲೇ, ಒಂದು ಫ್ಯೂಸು, ಒಂದಷ್ಟು ವೈರು. ಇಷ್ಟೇ ಸಾಮಾನು. ಆದರೆ ಜಗಳಕ್ಕೆ ಇಷ್ಟು ಧಾರಾಳವಾಗಿ ಸಾಕು.

ತುಮಕೂರಿನಿಂದ ಹೋಗಿ ಅಮೆರಿಕದಲ್ಲಿ ನೆಲೆಸಿರುವ ನನ್ನ ದೊಡ್ಡಪ್ಪನ ಮಗ ತನ್ನ ಬೈಕಿನ ಸೀಟಿಗೆ ಅಂಥ ಎರಡು ಪ್ಯಾಡು ತರಿಸಿದ. ಹಾಕಿದ ಮೇಲೆ ಮುಂದಿನ ಭಾಗ ಬಿಸಿಯಾಯಿತು, ಅತ್ತಿಗೆ ಕೂರುವ ಹಿಂದಿನ ಭಾಗ ತಣ್ಣಗೇ ಉಳಿಯಿತು. ತಯಾರಕರಿಗೆ ಬರೆದ. ಉತ್ತರವಿಲ್ಲ. ಫೋನು ಮಾಡಿದರೆ ಸಂದೇಶ ಬಿಡಿ ಎನ್ನುವ ಯಂತ್ರದ ದನಿ. ಕೊನೆಗೆ ಬಂದದ್ದು ಒಂದೇ ಸಾಲು: ಅರ್ಥಿಂಗ್ ಸರಿಯಾಗಿದೆಯೇ ನೋಡಿ, ಅಳವಡಿಕೆಯ ದೋಷಕ್ಕೆ ನಾವು ಹೊಣೆಯಲ್ಲ. ಫೋನಿನಲ್ಲಿ ಅವನು ನನಗೆ ಹೇಳಿದ್ದು ಇಷ್ಟು: ‘ನೋಡೋ, ಸೀಟು ಕೆಟ್ಟಿದ್ದಕ್ಕೆ ನಂಗೇನೂ ಸಿಟ್ಟಿಲ್ಲ. ವಸ್ತು ಅಂದ್ಮೇಲೆ ಕೆಡುತ್ತೆ. ಏನಾಗಿದೆ ಅಂತ ಒಂದ್ಸಲ ಸರಿಯಾಗಿ ಕೇಳ್ಬೇಕಿತ್ತಲ್ವಾ ಅವರು?’

ಅವನ ಪರವಾಗಿ ಹೇಳಲು ಬೇಕಾದಷ್ಟಿದೆ. ಅವನು ವೈರನ್ನು ಸಿಕ್ಕಲ್ಲಿ ಸಿಕ್ಕಿಸಿದವನಲ್ಲ. 36 ವ್ಯಾಟಿನ ಪ್ಯಾಡು 12 ವೋಲ್ಟಿನಲ್ಲಿ 3 ಆಂಪಿಯರ್ ಎಳೆಯುತ್ತದೆ. ಎರಡು ಪ್ಯಾಡಿದ್ದರೆ 6. ಅವಸರಕ್ಕೆ ಬಿದ್ದವರು ಇಷ್ಟು ಹೊರೆಯನ್ನು ಹಿಂದಿನ ದೀಪದ ತೆಳು ವೈರಿಗೆ ಒಂದು ಕ್ಲಿಪ್ಪು ಒತ್ತಿ ಹೊರಿಸಿಬಿಡುತ್ತಾರೆ. ಆಮೇಲೆ ಫ್ಯೂಸು ಹೋಗಿ ಹಿಂದಿನ ದೀಪವೂ ಆರುತ್ತದೆ, ರಾತ್ರಿ ಹೆದ್ದಾರಿಯಲ್ಲಿ ಅದು ಪ್ರಾಣಕ್ಕೇ ಸಂಚಕಾರ. ಸರಿಯಾದ ಕ್ರಮವೆಂದರೆ ಬ್ಯಾಟರಿಯಿಂದ ಫ್ಯೂಸು ಹಾಕಿ ನೇರ ವೈರು ಎಳೆಯುವುದು, ನಡುವೆ ರಿಲೇ ಇಡುವುದು, ಆ ರಿಲೇಗೆ ಚಾಲೂ ಆಗುವ ಸನ್ನೆ ಮಾತ್ರ ಇಗ್ನಿಷನ್ ಕೀಲಿಯ ಕಡೆಯಿಂದ ತರುವುದು. ಕೀಲಿ ತೆಗೆದ ಕೂಡಲೇ ಸೀಟೂ ಆರಬೇಕು, ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿ. ಅಣ್ಣ ಹೀಗೆಯೇ ಮಾಡಿದ್ದ. ಮಲ್ಟಿಮೀಟರ್ ಇಟ್ಟೂ ನೋಡಿದ್ದ. ಚೆನ್ನಾಗಿರುವ ಪ್ಯಾಡಿನ ಎರಡು ತುದಿಗೆ ಮೀಟರಿನ ಕಡ್ಡಿ ಇಟ್ಟರೆ 4 ಓಮ್ ಆಸುಪಾಸು ತೋರಿಸಬೇಕು. ಮುಂದಿನದು ತೋರಿಸಿತು. ಹಿಂದಿನದಕ್ಕೆ ಇಟ್ಟರೆ ಮೀಟರಿನಲ್ಲಿ ಅಂಕಿಯೇ ಮೂಡಲಿಲ್ಲ. ಎಂದರೆ ಒಳಗೆಲ್ಲೋ ಎಳೆ ಕಡಿದಿದೆ. ಅದಕ್ಕೂ ಅರ್ಥಿಂಗಿಗೂ ಸಂಬಂಧವೇ ಇಲ್ಲ. ಮೀಟರಿನ ಫೋಟೋ ತೆಗೆದು ಕಳಿಸಿದವನಿಗೆ ಅರ್ಥಿಂಗ್ ನೋಡಿ ಎಂದರೆ, ಅವರು ಪತ್ರ ಓದಿಲ್ಲ ಎಂದೇ ಅರ್ಥ.

ಆದರೂ ಆ ತಯಾರಕರನ್ನು ಕಳ್ಳರ ಸಾಲಿಗೆ ಸೇರಿಸಲು ನನಗೆ ಮನಸ್ಸಿಲ್ಲ. ಅವರ ಮೇಜಿನ ಮೇಲೆ ಬರುವ ದೂರುಗಳು ಎಂಥವು ಎಂದು ಊಹಿಸಿಕೊಂಡು ನೋಡಿ. ಇವರ ವಸ್ತು ಹೋಗಿ ಕೂರುವುದು ಇವರು ಎಂದೂ ಕಾಣದ ಬೈಕಿನಲ್ಲಿ, ಇವರು ಎಂದೂ ಕಾಣದ ಕೈಗಳಿಂದ. ರೆಕ್ಸಿನ್ ಎಳೆದು ಪಿನ್ನು ಹೊಡೆಯುವಾಗ ಒಂದು ಪಿನ್ನು ಪ್ಯಾಡಿಗೆ ನಾಟಿದರೂ ಎಳೆ ಕಡಿಯುತ್ತದೆ. ಕನೆಕ್ಟರನ್ನು ವೈರು ಹಿಡಿದು ಎಳೆದರೂ ಕಡಿಯುತ್ತದೆ. ಮೀಟರು ಎರಡು ಕಡೆಯೂ ಒಂದೇ ಮಾತು ಹೇಳುತ್ತದೆ: ಕಡಿದಿದೆ ಎನ್ನುತ್ತದೆ, ಯಾರು ಕಡಿದರು ಎನ್ನುವುದಿಲ್ಲ. ಅಣ್ಣನ ಫೋಟೋದ ಬಲ ಇರುವುದೂ ಅಲ್ಲಿಗೇ. ಹೊಸ ಬೈಕುಗಳ ತೊಡಕು ಬೇರೆ. ಬಿಎಂಡಬ್ಲ್ಯು ಜಿಎಸ್‌ನಂಥ ಬೈಕುಗಳಲ್ಲಿ ಕರೆಂಟಿನ ಹರಿವನ್ನು ಕಂಪ್ಯೂಟರೇ ಕಾಯುತ್ತಿರುತ್ತದೆ. ತಪ್ಪಾದ ಕಡೆಯಿಂದ ಹೆಚ್ಚು ಎಳೆದರೆ ಆ ದಾರಿಯನ್ನೇ ಮುಚ್ಚಿಬಿಡುತ್ತದೆ. ಗಿರಾಕಿಗೆ ಆಗ ಕಾಣುವುದು ಸೀಟು ಸತ್ತಿದೆ ಎಂದಷ್ಟೇ.

‘ಸಾಕಷ್ಟು ಬಿಸಿಯಾಗುತ್ತಿಲ್ಲ’ ಎಂಬ ದೂರನ್ನಂತೂ ನಾನು ತಯಾರಕರ ಕಡೆ ನಿಂತೇ ನೋಡುತ್ತೇನೆ. ಮೊರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ಇಬ್ಬರು 1947ರಲ್ಲಿ ಪ್ರಕಟಿಸಿದ ಸುಟ್ಟಗಾಯದ ಅಧ್ಯಯನವನ್ನು ವೈದ್ಯರು ಇಂದಿಗೂ ಆಧಾರವಾಗಿ ಇಟ್ಟುಕೊಂಡಿದ್ದಾರೆ. ಅದರ ಪ್ರಕಾರ 44 ಡಿಗ್ರಿ ಸೆಲ್ಸಿಯಸ್ ಬಿಸಿ ಬಿಡದೆ ಸುಮಾರು 6 ಗಂಟೆ ತಾಗಿದರೆ ಚರ್ಮ ಸುಡುತ್ತದೆ. ಅಲ್ಲಿಂದ ಮೇಲೆ ಒಂದೊಂದು ಡಿಗ್ರಿ ಏರಿದಂತೆ ಬೇಕಾಗುವ ಸಮಯ ಅರ್ಧರ್ಧ ಇಳಿಯುತ್ತದೆ. ಕೈಗೆ ಮುಟ್ಟಿದರೆ ಹಿತವೆನಿಸುವ ಬಿಸಿ ಅದು. ಲಾಂಗ್ ರೈಡ್ ಹೋಗುವವರು ಅದರ ಮೇಲೆ ಗಂಟೆಗಟ್ಟಲೆ ಕೂರುತ್ತಾರೆ. ಸಕ್ಕರೆ ಕಾಯಿಲೆಯಿಂದಲೋ ಬೆನ್ನುಹುರಿಯ ಪೆಟ್ಟಿನಿಂದಲೋ ಸ್ಪರ್ಶ ಮಂಕಾದವರಿಗೆ ಸುಡುತ್ತಿರುವುದೂ ಗೊತ್ತಾಗುವುದಿಲ್ಲ. ಆದ್ದರಿಂದ ಒಳ್ಳೆಯ ತಯಾರಕ ಥರ್ಮೋಸ್ಟಾಟ್ ಹಾಕಿ ಬಿಸಿಯನ್ನು ಬೇಕೆಂದೇ ತಗ್ಗಿಸಿ ಇಡುತ್ತಾನೆ. ದಪ್ಪ ಪ್ಯಾಂಟು, ಅದರ ಮೇಲೆ ಮಳೆಯ ಪ್ಯಾಂಟು ಹಾಕಿ ಕೂತವರಿಗೆ ಅದು ಏನೂ ಸಾಲದು. ಅವರು ವಸ್ತುವೇ ಸರಿಯಿಲ್ಲ ಎಂದು ವಾಪಸು ಕಳಿಸುತ್ತಾರೆ. ರೆಕ್ಸಿನ್ ಬಿಚ್ಚಿ ಪಿನ್ನು ಹೊಡೆದ ಮಾಲನ್ನು ತಯಾರಕ ಇನ್ನೊಬ್ಬರಿಗೆ ಮಾರುವಂತಿಲ್ಲ. ವಾಪಸಿಗೆ ಹಣ ಮುರಿದುಕೊಳ್ಳುವ ಅವರ ನಿಯಮ ಈ ಕಡೆಯಿಂದ ನೋಡಿದರೆ ಅಷ್ಟು ಕ್ರೂರವೆನಿಸುವುದಿಲ್ಲ.

ಇಬ್ಬರನ್ನೂ ಒಟ್ಟಿಗೆ ಕೆಡಿಸುವುದು ಕ್ಯಾಲೆಂಡರು. ಸೀಟು ರಿಯಾಯಿತಿಗೆ ಸಿಗುವುದು ವ್ಯಾಪಾರವಿಲ್ಲದ ಜನವರಿಯಲ್ಲಿ. ಅಣ್ಣ ಕೊಂಡದ್ದೂ ಆಗಲೇ. ಹೊರಗೆ ಹಿಮ, ಬೈಕು ಗ್ಯಾರೇಜಿನಲ್ಲಿ, ಬ್ಯಾಟರಿ ಬಿಚ್ಚಿ ಒಳಗಿಟ್ಟಿದೆ. ಪೆಟ್ಟಿಗೆ ಬಂದರೂ ಸೀಟಿಗೆ ಕರೆಂಟು ತಾಗುವುದು ಏಪ್ರಿಲ್‌ಗೆ. ಅಷ್ಟರಲ್ಲಿ ತಯಾರಕರು ವಾಪಸಿಗೆ ಕೊಟ್ಟ 30 ದಿನ ಮುಗಿದಿರುತ್ತದೆ. ಕ್ರೆಡಿಟ್ ಕಾರ್ಡಿನ ತಕರಾರಿಗೆ ಅಮೆರಿಕದ 1974ರ ಕಾನೂನು ಬಿಲ್ಲು ಬಂದಾಗಿನಿಂದ ಕೊಡುವ 60 ದಿನವೂ ಜಾರಿರುತ್ತದೆ. ತಯಾರಕರ ಕಡೆ ನೋಡಿದರೆ, ಹೀಗೆ ಚಳಿಗಾಲದಲ್ಲಿ ಕೊಂಡವರೆಲ್ಲ ಒಂದೇ ಸಲ ಸ್ವಿಚ್ಚು ಒತ್ತುವುದು ವಸಂತದ ಮೊದಲ ಬಿಸಿಲಿಗೆ. ಐದಾರು ಜನರ ಕಾರ್ಖಾನೆ, ಫೋನು ಎತ್ತುವವನೇ ಫೋಮು ಕತ್ತರಿಸುವವನೂ ಆಗಿದ್ದರೆ ಎಷ್ಟು ಜನಕ್ಕೆ ಉತ್ತರ ಕೊಟ್ಟಾನು? ನನಗೆ ಅವರ ಕಷ್ಟ ಅರ್ಥವಾಗುತ್ತದೆ. ಆದರೆ ಈ ಗುಂಪು ಪ್ರತಿ ವರ್ಷವೂ ಅದೇ ಹೊತ್ತಿಗೆ ಬರುತ್ತದೆ ಎಂಬುದು ಅವರಿಗೆ ಗಿರಾಕಿಗಿಂತ ಚೆನ್ನಾಗಿ ಗೊತ್ತು. ಜನವರಿಯಲ್ಲಿ ಮಾರುವವರು ವಾಪಸಿನ ಗಡುವನ್ನು ಮೇ ತಿಂಗಳವರೆಗೆ ಇಟ್ಟರೆ ಅವರಿಗೆ ಆಗುವ ನಷ್ಟ ಅಂಥ ದೊಡ್ಡದಲ್ಲ ಎಂದೇ ನನ್ನ ಎಣಿಕೆ.

ಕಾನೂನು ಯಾರ ಕಡೆ? ಅರ್ಧರ್ಧ. ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ಕಾಯಿದೆಯ ಪ್ರಕಾರ, ಹೊರಗಿನ ಬಿಡಿಭಾಗ ಹಾಕಿಸಿದ್ದೀಯ ಎಂಬ ಒಂದೇ ಕಾರಣಕ್ಕೆ ಬೈಕಿನ ಕಂಪನಿ ವಾರಂಟಿ ರದ್ದು ಮಾಡುವಂತಿಲ್ಲ. ಆ ಭಾಗದಿಂದಲೇ ಹಾನಿಯಾಯಿತೆಂದು ತೋರಿಸಬೇಕು. ಇದು ಕೊಂಡವನಿಗೆ ದೊಡ್ಡ ಆಸರೆ. ಆದರೆ ವೈರಿಂಗ್ ಸುಟ್ಟರೆ ತೋರಿಸುವುದು ಕಂಪನಿಗೆ ಕಷ್ಟವೂ ಅಲ್ಲ. ಇಂಥ ತಲೆನೋವೇ ಬೇಡ, ಕಂಪನಿಯ ಬಿಸಿ ಸೀಟನ್ನೇ ಕೊಳ್ಳಿ ಎನ್ನುವವರಿದ್ದಾರೆ. ಅದೂ ಪೂರ್ತಿ ಒಪ್ಪುವ ಮಾತಲ್ಲ. 2022ರಲ್ಲಿ ಬಿಎಂಡಬ್ಲ್ಯು ಕೆಲವು ದೇಶಗಳಲ್ಲಿ ಕಾರಿನೊಳಗೆ ಆಗಲೇ ಕೂರಿಸಿದ್ದ ಬಿಸಿ ಸೀಟನ್ನು ಬಳಸಲು ತಿಂಗಳ ಬಾಡಿಗೆ ಕೇಳಿ, ಜನ ರೇಗಿದ ಮೇಲೆ 2023ರಲ್ಲಿ ಕೈಬಿಟ್ಟಿತು. ದೊಡ್ಡವರ ಹತ್ತಿರ ಫೋನು ಎತ್ತುವವರಿರುತ್ತಾರೆ, ಎತ್ತಿದವರಿಗೆ ತೀರ್ಮಾನದ ಅಧಿಕಾರ ಇರುವುದಿಲ್ಲ. ಹೊರಗಿನ ಸಣ್ಣ ತಯಾರಕನಿಂದ ಸಿಗುವ ಇನ್ನೊಂದು ಅನುಕೂಲವನ್ನೂ ಮರೆಯಬಾರದು: ಅವನು ಕೂರುವವರ ಎತ್ತರ, ತೂಕ ಕೇಳಿ ಫೋಮು ಕತ್ತರಿಸಿ ಕೊಡುತ್ತಾನೆ. ಸೊಂಟನೋವಿನವರಿಗೆ ಬಿಸಿಗಿಂತ ಇದೇ ಹೆಚ್ಚು.

ನಮ್ಮ ಕಡೆ ಬಿಸಿ ಸೀಟಿಗೆ ಅಂಥ ಬೇಡಿಕೆಯಿಲ್ಲ. ಲಡಾಖಿಗೆ ಹೊರಟ ಬೆಂಗಳೂರಿನವರು ಕೆಲವರು ಕಾರಿಗೆಂದು ಆನ್‌ಲೈನ್‌ನಲ್ಲಿ ಮಾರುವ ಪ್ಯಾಡು ತರಿಸಿ ಬೈಕಿನ ಸೀಟಿಗೆ ಹಾಕಿಸುವುದುಂಟು. ಜೆ.ಸಿ. ರಸ್ತೆಯಲ್ಲಿ ಕುಶನ್ ಕೆಲಸದವರೊಬ್ಬರನ್ನು ಕೇಳಿದಾಗ ಅವರು ಮಾರುವವರ ಸಂಕಟವನ್ನು ನನಗಿಂತ ನೇರವಾಗಿ ಹೇಳಿದರು: ‘ಪ್ಯಾಡ್ ಅವ್ರೇ ತರ್ತಾರೆ ಸಾರ್, ವೈರ್ ಇನ್ಯಾರೋ ಎಳೀತಾರೆ, ನಾನು ಹೊಲಿಯೋದಷ್ಟೇ. ಸುಟ್ರೆ ಮಾತ್ರ ಬರೋದು ನನ್ನಂಗ್ಡಿಗೇ.’ ಹಾಗಾದರೆ ಬಂದವರಿಗೆ ಏನು ಹೇಳುತ್ತೀರಿ ಎಂದೆ. ‘ಬಿಚ್ಚಿ ತೋರಿಸ್ತೀನಿ ಸಾರ್. ಸೂಜಿ ತಾಗಿದ್ರೆ ನಂದು, ಇಲ್ದಿದ್ರೆ ಅವ್ರೇ ನೋಡ್ಕೋತಾರೆ.’

ಈ ಬಿಚ್ಚಿ ತೋರಿಸುವ ಸೌಲಭ್ಯ ಸಾವಿರಾರು ಮೈಲಿ ದೂರದ ಮಾರಾಟದಲ್ಲಿ ಇಲ್ಲ. ಅದರ ಜಾಗದಲ್ಲಿ ಇರುವುದು ಪತ್ರವೊಂದೇ. ಆದ್ದರಿಂದ ಅಣ್ಣನ ಜಗಳವನ್ನು ನಾನು ಎರಡಾಗಿ ಒಡೆದು ನೋಡುತ್ತೇನೆ. ಎಳೆ ಯಾರಿಂದ ಕಡಿಯಿತು ಎಂಬುದರಲ್ಲಿ ತಯಾರಕರಿಗೆ ಅನುಮಾನದ ಲಾಭ ಕೊಡಲು ಸಿದ್ಧ. ಆರು ವಾರ ಸುಮ್ಮನಿದ್ದು, ಆಮೇಲೆ ಓದದೆ ಬರೆದ ಒಂದು ಸಾಲಿಗೆ ಕೊಡಲಾರೆ. ಅದರಲ್ಲಿ ಬೈಕಿನದಾಗಲಿ, ವೈರಿನದಾಗಲಿ, ಗಿರಾಕಿಯ ಕೈಯದಾಗಲಿ ಪಾತ್ರವೇನೂ ಇಲ್ಲ. ನಮ್ಮ 2020ರ ಇ-ಕಾಮರ್ಸ್ ನಿಯಮಗಳೂ ಈ ಎರಡನ್ನು ಬೇರೆ ಮಾಡಿಯೇ ನೋಡುತ್ತವೆ: ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಪರಿಹಾರಕ್ಕೆ ಒಂದು ತಿಂಗಳು. ಆನ್‌ಲೈನ್‌ನಲ್ಲಿ ಪ್ಯಾಡು ತರಿಸಿ ಕೈಸುಟ್ಟುಕೊಂಡ ನಮ್ಮವರು 1915ಕ್ಕೆ ಫೋನು ಮಾಡಬಹುದು, ತಾವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು. 5 ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ.

ಅಣ್ಣನಿಗೆ ಕೊನೆಗೆ ಹೊಸ ಪ್ಯಾಡು ಬಂತು. ಹಳೆಯದನ್ನು ಕಳಿಸಿ ಎಂದು ಅವರು ಕೇಳಲಿಲ್ಲ, ಅದು ನನಗೆ ಎಲ್ಲಕ್ಕಿಂತ ಬೇಸರದ ಸಂಗತಿ. ಬಿಚ್ಚಿ ನೋಡಿದ್ದರೆ ಎಳೆ ಕಡಿದ ಜಾಗ ಅವರ ಹೊಲಿಗೆಯದೋ ಅಣ್ಣನ ಪಿನ್ನಿನದೋ ಗೊತ್ತಾಗುತ್ತಿತ್ತು. ಅವರದೇ ಆಗಿದ್ದರೆ ಮುಂದಿನ ಸೀಟುಗಳಲ್ಲಿ ಸರಿಪಡಿಸಬಹುದಿತ್ತು. ಒಂದು ಹಾಳೆಯಲ್ಲಿ ಪ್ಯಾಡಿನ ಓಮ್ ಎಷ್ಟಿರಬೇಕು, ಕನೆಕ್ಟರಿನಲ್ಲಿ ಎಂಜಿನ್ ಓಡುವಾಗ ವೋಲ್ಟ್ ಎಷ್ಟಿರಬೇಕು ಎಂದು ಅಚ್ಚು ಹಾಕಿಸಿ, ರೆಕ್ಸಿನ್ ಬಿಚ್ಚುವ ಮೊದಲೇ ಬ್ಯಾಟರಿಗೆ ಹಿಡಿದು ಪರೀಕ್ಷಿಸಿ ಎಂದು ಪೆಟ್ಟಿಗೆಯಲ್ಲಿ ಇಟ್ಟು ಕಳಿಸಿದರೆ, ಜನವರಿಯ ಹಿಮದಲ್ಲೂ ಊಟದ ಮೇಜಿನ ಮೇಲೇ ಆ ಪರೀಕ್ಷೆ ಮುಗಿಯುತ್ತದೆ. ಕೊಂಡವರು ಅಷ್ಟನ್ನು ಮಾಡಲೇಬೇಕು. ಮಾಡದೆ ಏಪ್ರಿಲ್‌ನಲ್ಲಿ ಕೂಗಾಡಿದರೆ ನಾನು ತಯಾರಕರ ಪರ ನಿಲ್ಲುತ್ತೇನೆ.