ಪಂಕ್ಚರ್ ಒಂದೇ ಲೆಕ್ಕವಲ್ಲ



ಗಾಳಿರಹಿತ ಟೈರ್ ಬಂದರೆ ಹಾಸನ ಜಿಲ್ಲೆಯ ಕಾರಿನವರ ಕಷ್ಟವೆಲ್ಲ ತೀರಿತು ಎಂಬ ಲೇಖನ ಓದಿದೆ. ಒಪ್ಪಲಾರೆ. ಪಂಕ್ಚರ್ ಆಗುವುದಿಲ್ಲ ಎಂಬುದು ನಿಜ. ಉಳಿದ ಲೆಕ್ಕವನ್ನು ಲೇಖಕರು ಹಾಕಿಯೇ ಇಲ್ಲ.

ಈ ಟೈರಿನಲ್ಲಿ ಗಾಳಿಯ ಬದಲು ಭಾರ ಹೊರುವುದು ಬಾಗಿ ಬಳುಕುವ ಕಡ್ಡಿಗಳು. ಅವುಗಳ ನಡುವಿನ ಸಂದು ಎರಡೂ ಬದಿಗೆ ತೆರೆದಿರುತ್ತದೆ. ಮಳೆಗಾಲದಲ್ಲಿ ಅರಕಲಗೂಡಿನ ಆಲೂಗೆಡ್ಡೆ ಹೊಲದ ದಾರಿಗೆ ಇಳಿಸಿ ನೋಡಲಿ. ಕೆಸರು ಸಂದಿನೊಳಗೆ ಮೆತ್ತಿ ಒಣಗಿದರೆ ಚಕ್ರದ ತೂಕ ಏರುಪೇರಾಗಿ, ವೇಗ ಹೆಚ್ಚಿದಂತೆ ಸ್ಟೇರಿಂಗ್ ನಡುಗುತ್ತದೆ. ಸಿಕ್ಕಿಕೊಂಡ ಜಲ್ಲಿ ಕಡ್ಡಿಯನ್ನೇ ಸವೆಸುತ್ತದೆ. ಚನ್ನರಾಯಪಟ್ಟಣದ ಹೆದ್ದಾರಿಯಲ್ಲಿ ಜೋರಾಗಿ ಓಡಿಸಿದರೆ ಇನ್ನೊಂದು ತೊಂದರೆ: ಪ್ರತಿ ಸುತ್ತಿಗೂ ಬಾಗಿ ನೆಟ್ಟಗಾಗುವ ಕಡ್ಡಿಗಳು ಬಿಸಿಯೇರುತ್ತವೆ, ಸದ್ದೂ ಮಾಡುತ್ತವೆ.

ಮಿಶೆಲಿನ್ ಕಂಪನಿ ‘ಟ್ವೀಲ್’ ಎಂಬ ಗಾಳಿರಹಿತ ಟೈರ್ ತೋರಿಸಿದ್ದು 2005ರಲ್ಲಿ. ಅದು ನೆಲೆ ಕಂಡದ್ದು ನಿಧಾನ ಓಡುವ ಲೋಡರ್, ಹುಲ್ಲು ಕತ್ತರಿಸುವ ಯಂತ್ರಗಳಲ್ಲಿ. ಜನರಲ್ ಮೋಟಾರ್ಸ್ ಜೊತೆ 2019ರಲ್ಲಿ ತೋರಿಸಿದ ‘ಅಪ್ಟಿಸ್’ ಎಂಬ ಇನ್ನೊಂದು ಗಾಳಿರಹಿತ ಟೈರನ್ನು 2024ಕ್ಕೆ ಕಾರಿಗೆ ತರುತ್ತೇವೆಂದರು. ಆ ವರ್ಷ ಮುಗಿದಾಗಲೂ ಅದು ಸಾಮಾನ್ಯ ಗ್ರಾಹಕರ ಕೈ ಸೇರಿರಲಿಲ್ಲ.

ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದರೂ ಸಾಮಾನ್ಯವಾಗಿ ಗಾಳಿ ನಿಧಾನವಾಗಿ ಇಳಿಯುತ್ತದೆ. ಹೊಳೆನರಸೀಪುರದ ಪಂಕ್ಚರ್ ಅಂಗಡಿಯವರು ರಬ್ಬರ್ ಬತ್ತಿ ತುರುಕಿ ಸರಿಮಾಡಿ ಕಳಿಸುತ್ತಾರೆ. ಮುರಿದ ಕಡ್ಡಿಗೆ ಅಲ್ಲಿ ಯಾವ ಮದ್ದಿದೆ? ತಿಂಗಳಿಗೊಮ್ಮೆ ಟೈರಿನ ಗಾಳಿ ನೋಡಿಸಿಕೊಳ್ಳಿ ಎಂದು ಲೇಖಕರು ಬರೆಯಲಿ. ಈಗಿನ ಓದುಗರಿಗೆ ಉಪಕಾರವಾಗುವುದು ಅದರಿಂದ.