ಮಡಚುವ ಕುರ್ಚಿಯೂ ಮುರಿದ ಬುದ್ಧಿಯೂ

ಒಂದು ರಿವೆಟ್ ಸಡಿಲಾದರೆ ಇಡೀ ಕುರ್ಚಿಯನ್ನೇ ಬಿಸಾಡುವ ಜಾಣತನ ನಮ್ಮವರಿಗೆ ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ನಾವು ತಮಾಷೆಗಾಗಿ ಎತ್ತುತ್ತಿಲ್ಲ. ರಜೆಯ ದಿನ ವರ್ಸೋವಾ, ಮಾರ್ವೆ, ಬಾಂದ್ರಾದ ಕಡಲ ಬದಿಗೆ ಹೋದವರಿಗೆ ಗಾಳ ಹಾಕಿ ಕುಳಿತವರು ಕಾಣಸಿಗುತ್ತಾರೆ. ಪೊವಾಯಿ ಕೆರೆಯ ದಡದಲ್ಲಿ ಮಹಾರಾಷ್ಟ್ರ ಸ್ಟೇಟ್ ಆಂಗ್ಲಿಂಗ್ ಅಸೋಸಿಯೇಷನ್ ಎಂಬ ಸಂಸ್ಥೆಯೇ ಇದೆ. ಗಾಳಗಾರರಲ್ಲಿ ನಮ್ಮ ಜನರೂ ಇದ್ದಾರೆ. ಚಿಕ್ಕಂದಿನಲ್ಲಿ ಊರ ಹೊಳೆಬಾಗಿಲಲ್ಲಿ ಗಾಳ ಹಿಡಿದ ಕೈ, ಬ್ಯಾಂಕಿನಿಂದಲೋ ಕಾರ್ಖಾನೆಯಿಂದಲೋ ನಿವೃತ್ತವಾದ ಮೇಲೆ ಮತ್ತೆ ಗಾಳವನ್ನೇ ಹುಡುಕುವುದು ಸಹಜ. ಬಂಡೆಯ ಮೇಲೆ ತಾಸುಗಟ್ಟಲೆ ಕುಕ್ಕುರುಗಾಲಲ್ಲಿ ಕೂರಲು ಅರುವತ್ತು ದಾಟಿದ ಮೊಣಕಾಲು ಒಪ್ಪುವುದಿಲ್ಲ. ಆದ್ದರಿಂದ ಹೆಗಲಿಗೆ ಮಡಚುವ ಕುರ್ಚಿ ಬಂದಿದೆ. ಬರಲಿ, ಸಂತೋಷ. ಆದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಕುರ್ಚಿ ಕಾಲು ಮಡಚಿಕೊಂಡು ಕಸದ ಡಬ್ಬಿಯ ಪಕ್ಕದಲ್ಲಿ ಬಿದ್ದಿರುತ್ತದೆ. ಯಜಮಾನರು ಮೊಬೈಲಿನಲ್ಲಿ ಹೊಸದನ್ನು ತರಿಸಿಕೊಂಡಿರುತ್ತಾರೆ. ನಮ್ಮ ತಕರಾರು ಇರುವುದು ಇಲ್ಲಿ.

ಮೊದಲು ಕುರ್ಚಿ ಮುರಿಯುವುದು ಹೇಗೆಂಬುದನ್ನು ನೋಡೋಣ. ಮುರಿದದ್ದೇನೆಂದು ತಿಳಿಯದೆಯೇ ಬಿಸಾಡುವವರು ನಮ್ಮಲ್ಲಿ ಹೆಚ್ಚು. ಮಡಚುವ ಕುರ್ಚಿಯೆಂದರೆ ನಾಲ್ಕಾರು ಕೊಳವೆಗಳು, ಅವು ಒಂದನ್ನೊಂದು ದಾಟುವಲ್ಲಿ ಒಂದೊಂದು ರಿವೆಟ್, ತುದಿಗಳಲ್ಲಿ ಪ್ಲಾಸ್ಟಿಕ್ ಗಂಟುಗಳು, ನಡುವೆ ಬಿಗಿದ ಬಟ್ಟೆ, ಕಾಲಿಗೆ ರಬ್ಬರಿನ ಬೂಟು. ಇಷ್ಟೇ. ಇದರಲ್ಲಿ ಮೊದಲು ಸೋಲುವುದು ರಿವೆಟ್ ಇರುವ ಜಾಗ. ತೆರೆದು ಮಡಚಿ, ತೆರೆದು ಮಡಚಿ ತೂತು ಅಗಲವಾಗುತ್ತದೆ, ಕುರ್ಚಿ ಓಲಾಡುತ್ತದೆ. ಆಮೇಲೆ ಬಟ್ಟೆಯ ಹೊಲಿಗೆ ಬಿಚ್ಚುತ್ತದೆ. ಬಿಸಿಲಿಗೆ ಒಣಗಿದ ಪ್ಲಾಸ್ಟಿಕ್ ಗಂಟು ಬಿರಿಯುತ್ತದೆ. ಕಾಲಿನ ರಬ್ಬರ್ ಕಳಚಿ ಬಿದ್ದರಂತೂ ಬರಿಯ ಕೊಳವೆ ಮರಳಿಗೆ ಇಳಿದು ಕುರ್ಚಿ ವಾಲಿ, ಭಾರವೆಲ್ಲ ಒಂದೇ ಕಾಲಿನ ಮೇಲೆ ಬೀಳುತ್ತದೆ. ಇಡೀ ಕುರ್ಚಿ ಒಮ್ಮೆಗೇ ಹಾಳಾಗುವುದು ಅಪರೂಪ. ಹೆಬ್ಬೆರಳಿನಷ್ಟು ಜಾಗ ಹಾಳಾಗಿರುತ್ತದೆ, ಉಳಿದದ್ದೆಲ್ಲ ಗಟ್ಟಿಯಾಗಿರುತ್ತದೆ.

ಇವಕ್ಕೆ ಮದ್ದು ನಮ್ಮ ಬೀದಿಯಲ್ಲೇ ಉಂಟು. ಹಳೆಯ ರಿವೆಟನ್ನು ಕೊರೆದು ತೆಗೆದು, ತೂತನ್ನು ಒಂದು ಸುತ್ತು ಸರಿಪಡಿಸಿ, ಎರಡೂ ಬದಿಗೆ ವಾಷರು ಹಾಕಿ ಬೋಲ್ಟು ಬಿಗಿದು, ಅಲುಗಾಡಿದರೂ ಬಿಚ್ಚಿಕೊಳ್ಳದ ನೈಲಾಕ್ ನಟ್ಟು ಕೂರಿಸಿದರೆ ಕೀಲು ಮೊದಲಿಗಿಂತ ಗಟ್ಟಿಯಾಗುತ್ತದೆ. ಮಸೀದಿ ಬಂದರಿನ ನಾಗದೇವಿ ಸ್ಟ್ರೀಟಿನಲ್ಲಿ ಸಿಗದ ನಟ್ಟು ಬೋಲ್ಟು ಯಾವುದಿದೆ? ಬಟ್ಟೆಯ ಹೊಲಿಗೆಯನ್ನು ಸ್ಟೇಷನ್ ಹೊರಗೆ ಕೂರುವ ಮೋಚಿಯೋ ಬ್ಯಾಗು ರಿಪೇರಿಯವನೋ ದಪ್ಪ ನೈಲಾನ್ ದಾರದಲ್ಲಿ ಎರಡು ಸಾಲು ಹಾಕಿ ಕೊಟ್ಟರೆ ಕಾರ್ಖಾನೆಯ ಹೊಲಿಗೆಗಿಂತ ಹೆಚ್ಚು ಬಾಳುತ್ತದೆ. ಒಂದೇ ಎಚ್ಚರಿಕೆ: ಕುರ್ಚಿ ಅಲ್ಯುಮಿನಿಯಮ್ಮಿನದಾದರೆ ಉಕ್ಕಿನ ಬೋಲ್ಟು ನೇರವಾಗಿ ತಾಗದಂತೆ ನಡುವೆ ನೈಲಾನ್ ವಾಷರು ಇರಬೇಕು. ಎರಡು ಬೇರೆ ಬೇರೆ ಲೋಹಗಳು ಉಪ್ಪುನೀರಿನಲ್ಲಿ ಒಂದಕ್ಕೊಂದು ತಾಗಿದರೆ ಅಲ್ಯುಮಿನಿಯಂ ಸವೆಯುತ್ತದೆ. ಕಡಲಿನಿಂದ ಬಂದ ಮೇಲೆ ಒಂದು ತಂಬಿಗೆ ಸಿಹಿನೀರು ಹೊಯ್ದು ಒರಸಿಟ್ಟರೆ ಅರ್ಧ ರೋಗ ಬರುವುದೇ ಇಲ್ಲ. ಆ ಒಂದು ತಂಬಿಗೆ ನೀರಿಗೂ ನಮಗೆ ಪುರುಸೊತ್ತಿಲ್ಲ!

ಇಷ್ಟು ಹೇಳಿದೊಡನೆ ಮೂರು ಆಕ್ಷೇಪಗಳು ಎದ್ದು ನಿಲ್ಲುತ್ತವೆ. ಒಂದೊಂದಕ್ಕೂ ಉತ್ತರಿಸುವುದು ನಮ್ಮ ಕರ್ತವ್ಯ.

"ರಿಪೇರಿ ಕೂಲಿಗಿಂತ ಹೊಸದೇ ಅಗ್ಗ" ಎಂಬುದು ಮೊದಲನೆಯದು. ಲೆಕ್ಕ ಹಾಕಲೆಂದು ಕುರ್ಚಿಗೆ ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ರಿಪೇರಿಗೆ ಇನ್ನೂರು ರೂಪಾಯಿ ಎಂದಿಟ್ಟುಕೊಳ್ಳೋಣ. ಎರಡೆರಡು ವರ್ಷಕ್ಕೆ ಹೊಸ ಕುರ್ಚಿ ಕೊಳ್ಳುವವನು ಹತ್ತು ವರ್ಷದಲ್ಲಿ ಐದು ಕುರ್ಚಿಗೆ ಐದು ಸಾವಿರ ತೆರುತ್ತಾನೆ. ನಾಲ್ಕು ಬಾರಿ ರಿಪೇರಿ ಮಾಡಿಸುವವನು ಸಾವಿರದ ಎಂಟುನೂರರಲ್ಲಿ ಮುಗಿಸುತ್ತಾನೆ. ದರ ನಿಮ್ಮ ಬಡಾವಣೆಯಲ್ಲಿ ಹೆಚ್ಚು ಕಡಿಮೆ ಇದ್ದೀತು. ನಿಮ್ಮ ದರವನ್ನೇ ಹಾಕಿ ಕೂಡಿಸಿ ನೋಡಿ. ಅಗ್ಗ ಅಗ್ಗ ಎನ್ನುವವರು ಒಂದು ದಿನದ ಬೆಲೆಯನ್ನು ನೋಡುತ್ತಾರೆಯೇ ಹೊರತು ಹತ್ತು ವರ್ಷದ ಲೆಕ್ಕವನ್ನಲ್ಲ. ಆ ಇನ್ನೂರು ರೂಪಾಯಿ ಹೋಗುವುದು ಯಾರಿಗೆ? ನಮ್ಮದೇ ರಸ್ತೆಯ ಮೂಲೆಯಲ್ಲಿ ಮಳೆಗೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಕೂರುವವನಿಗೆ. ನಾಳೆ ಅವನು ಅಂಗಡಿ ಎತ್ತಿದರೆ ನಮ್ಮ ಚಪ್ಪಲಿ, ಕೊಡೆ, ಚೀಲ ಯಾವುದಕ್ಕೂ ದಿಕ್ಕಿಲ್ಲ. ಹಾಗಾದ ದಿನ "ರಿಪೇರಿಯವರೇ ಸಿಗುವುದಿಲ್ಲ ಸ್ವಾಮಿ" ಎಂದು ಗೋಳಾಡುವವರೂ ನಾವೇ.

"ರಿಪೇರಿ ಮಾಡಿಸಿದ ಕುರ್ಚಿಯಲ್ಲಿ ಕೂತರೆ ನಾಲ್ಕು ಜನ ಏನೆಂದಾರು" ಎಂಬುದು ಎರಡನೆಯದು. ಬಾಯಿಬಿಟ್ಟು ಹೇಳುವವರು ಕಡಿಮೆ, ಮನಸ್ಸಿನಲ್ಲಿ ಇಟ್ಟುಕೊಂಡವರು ಬಹಳ. ಇವರಿಗೆ ನಮ್ಮದೊಂದು ಮರುಪ್ರಶ್ನೆ. ನೀವು ಗಾಳ ಹಾಕಲು ಹೋಗುವುದು ಮೀನುಗಾರನ ಸುಖವನ್ನು ಅನುಭವಿಸಲು ತಾನೆ? ಆ ಮೀನುಗಾರನ ಬದುಕನ್ನು ಒಮ್ಮೆಯಾದರೂ ಸರಿಯಾಗಿ ನೋಡಿದ್ದೀರಾ? ಬಲೆ ಹರಿಯಿತೆಂದು ಬಲೆಯನ್ನು ಕಡಲಿಗೆಸೆದ ಮೊಗವೀರನನ್ನಾಗಲಿ ಕೋಳಿಯವನನ್ನಾಗಲಿ ನಾವಂತೂ ಕಾಣೆವು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ, ಅಂದರೆ 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ಎರಡು ತಿಂಗಳು ಮಲ್ಪೆಯ ಬಂದರಿಗೆ ಹೋಗಿ ನೋಡಿ. ಬಲೆಯ ಕಣ್ಣು ಕಣ್ಣನ್ನೂ ಬೆರಳಲ್ಲಿ ಎಣಿಸಿ ಹರಿದಲ್ಲಿ ಹೆಣೆಯುತ್ತಾರೆ, ದೋಣಿಯ ತಳ ಕೆರೆದು ಬಣ್ಣ ಬಳಿಯುತ್ತಾರೆ, ಯಂತ್ರ ಬಿಚ್ಚಿ ಜೋಡಿಸುತ್ತಾರೆ. ಟ್ರಾಲರ್, ಪರ್ಸೀನ್ ದೋಣಿಗಳು ಬರುವ ಮುನ್ನ ನಮ್ಮ ಕರಾವಳಿಯಲ್ಲಿ ಮೆರೆದ ರಂಪಣಿ ಬಲೆ ಊರಿನ ಹತ್ತಾರು ಜನ ಒಟ್ಟಾಗಿ ಎಳೆಯುವ ಬಲೆ. ಅದರ ಆರೈಕೆಯೂ ಹತ್ತಾರು ಜನರ ಹೊಣೆ. ಇಲ್ಲಿ ವರ್ಸೋವಾ, ವರಳಿಯ ಕೋಳಿವಾಡಗಳಲ್ಲಿ ಇಂದಿಗೂ ಬಲೆ ಹೆಣೆಯುವವರನ್ನು ನೋಡಬಹುದು. ಮೀನು ಹಿಡಿಯುವುದು ಅರ್ಧ ಕಸುಬು. ಹರಿದದ್ದನ್ನು ಹೆಣೆಯುವುದು ಉಳಿದರ್ಧ. ಆ ಅರ್ಧವನ್ನು ಕಲಿಯದೆ ಟೋಪಿ, ಕಪ್ಪು ಕನ್ನಡಕ, ಹೊಸ ಕುರ್ಚಿ ಸಹಿತ ಕಡಲ ಬದಿಯಲ್ಲಿ ಕೂತವರು ಮೀನುಗಾರರಲ್ಲ, ಮೀನುಗಾರನ ವೇಷಧಾರಿಗಳು. ನಾಚಿಕೆಪಡಬೇಕಾದ್ದು ಹೊಲಿಗೆ ಹಾಕಿದ ಕುರ್ಚಿಗಲ್ಲ.

"ಮುರಿದು ಬಿದ್ದು ಸೊಂಟ ಹೋದರೆ ಯಾರು ಹೊಣೆ" ಎಂಬುದು ಮೂರನೆಯದು. ಈ ಮಾತಿನಲ್ಲಿ ಹುರುಳಿದೆ, ಒಪ್ಪಲೇಬೇಕು. ಮುಖ್ಯ ಕೊಳವೆಯೇ ಕೀಲಿನ ಬಳಿ ಬಿರುಕು ಬಿಟ್ಟಿದ್ದರೆ, ಅಲ್ಯುಮಿನಿಯಂ ಕೊಳವೆ ಒಮ್ಮೆ ಮಡಿಕೆ ಬಿದ್ದು ಬಾಗಿದ್ದರೆ, ಅದನ್ನು ಬಡಿದು ನೇರ ಮಾಡಿ ಕೂರುವುದು ಮೂರ್ಖತನ. ಬೆಸುಗೆ ಹಾಕಿಸೋಣವೆಂದರೆ ಅಲ್ಯುಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಅದರ ಮೇಲಿನ ಆಕ್ಸೈಡ್ ಪೊರೆ ಎರಡು ಸಾವಿರ ಡಿಗ್ರಿ ದಾಟಿದರೂ ಜಗ್ಗುವುದಿಲ್ಲ. ಅದಕ್ಕೆ ಆರ್ಗಾನ್ ವೆಲ್ಡಿಂಗ್ ಬೇಕು, ಕಿಟಕಿಯ ಸರಳಿಗೆ ಬೆಸುಗೆ ಹಾಕುವವನಿಂದ ಆಗದು. ಅಂಥ ಕುರ್ಚಿಯನ್ನು ಧಾರಾಳವಾಗಿ ಭಂಗಾರ್‌ವಾಲಾನಿಗೆ ಕೊಡಿ. ಆದರೆ ಕೊಡುವ ಮುನ್ನ ಅದರ ಬಟ್ಟೆ, ರಬ್ಬರ್ ಬೂಟು, ಒಳ್ಳೆಯ ಗಂಟುಗಳನ್ನು ಬಿಚ್ಚಿಟ್ಟುಕೊಳ್ಳಿ. ಮುಂದಿನ ಕುರ್ಚಿಗೆ ಬೇಕಾಗುತ್ತವೆ. ಕಾಯಿಲೆ ಯಾವುದೆಂದು ನೋಡಿ ಮದ್ದು ಮಾಡಿ ಎಂದಷ್ಟೇ ನಾವು ಹೇಳುವುದು. ನೆಗಡಿ ಬಂದರೆ ಮೂಗನ್ನೇ ಕೊಯ್ದುಕೊಳ್ಳುವ ಚಿಕಿತ್ಸೆ ಬೇಡ.

ತಪ್ಪೆಲ್ಲ ಕೊಳ್ಳುವವರ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಬಿಚ್ಚಲು ಬಾರದಂತೆ ಕುರ್ಚಿ ಮಾಡುವವರ ಪಾಲು ಇದರಲ್ಲಿ ಹಿರಿದು. ಬೋಲ್ಟು ಹಾಕಬೇಕಾದಲ್ಲಿ ರಿವೆಟ್ ಬಡಿಯುತ್ತಾರೆ, ಬಿಡಿ ಭಾಗ ಕೇಳಿದರೆ "ಪೂರ್ತಿ ಕುರ್ಚಿಯೇ ಇದೆ" ಎನ್ನುತ್ತಾರೆ. ಬೇರೆ ರೀತಿಯಲ್ಲಿ ಮಾಡಲು ಬರುವುದಿಲ್ಲವೇ? ಧೋಬಿ ತಲಾವಿನ ಕಯಾನಿ 1904ರಿಂದ ನಡೆಯುತ್ತಿದೆ. ಅಂಥ ಇರಾನಿ ಹೋಟೆಲುಗಳಲ್ಲಿ ಬಾಗಿಸಿದ ಮರದ ಕುರ್ಚಿಗಳನ್ನು ನಾವೆಲ್ಲ ಕಂಡಿದ್ದೇವೆ. ಆ ಜಾತಿಯ ಕುರ್ಚಿಗೆ ಮೂಲಪುರುಷ ವಿಯೆನ್ನಾದ ಮೈಕೆಲ್ ಥೋನೆಟ್. 1859ರಲ್ಲಿ ಆತ ಹೊರತಂದ 14ನೆಯ ನಂಬರಿನ ಕುರ್ಚಿಯಲ್ಲಿ ಇದ್ದದ್ದು ಆರು ತುಂಡು ಮರ, ಹತ್ತು ತಿರುಪು ಮೊಳೆ, ಎರಡು ನಟ್ಟು. ಬಿಚ್ಚಿಟ್ಟರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿಗಳು ಹಿಡಿಯುತ್ತಿದ್ದವು. ಕಾಲು ಮುರಿದರೆ ಕಾಲು, ಬೆತ್ತ ಹರಿದರೆ ಬೆತ್ತ. ನೂರ ಅರವತ್ತು ವರ್ಷಗಳ ಹಿಂದೆಯೇ ಬಿಚ್ಚಿ ಜೋಡಿಸುವ ಕುರ್ಚಿ ಮಾಡಿ ಜಗತ್ತಿಗೆಲ್ಲ ಮಾರಿದ್ದುಂಟು. ಆಮೇಲೆ ಬಂದದ್ದು ಒಂದೇ ಅಚ್ಚಿನ ಪ್ಲಾಸ್ಟಿಕ್ ಕುರ್ಚಿ. ಅದು ಒಂದೆರಡು ನಿಮಿಷಗಳಲ್ಲಿ ಹುಟ್ಟುತ್ತದೆ. ಕಾಲು ಬಿರಿದರೆ ಯಾವ ವೈದ್ಯನಿಂದಲೂ ಬದುಕುವುದಿಲ್ಲ.

ಸರ್ಕಾರಕ್ಕೆ ಈ ವಿಷಯ ತಿಳಿಯದೆ ಇಲ್ಲ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಜುಲೈನಲ್ಲಿ "ದುರಸ್ತಿಯ ಹಕ್ಕು" ಕುರಿತು ಸಮಿತಿ ನೇಮಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅದಕ್ಕಾಗಿ ಒಂದು ಜಾಲತಾಣವನ್ನೂ ತೆರೆಯಿತು. ಆಗ ಆರಿಸಿಕೊಂಡದ್ದು ನಾಲ್ಕು ವರ್ಗಗಳನ್ನು: ಕೃಷಿ ಯಂತ್ರಗಳು, ಮೊಬೈಲು ಮುಂತಾದ ಇಲೆಕ್ಟ್ರಾನಿಕ್ ಸಾಧನಗಳು, ಮನೆಯ ದೊಡ್ಡ ಉಪಕರಣಗಳು, ವಾಹನಗಳು. ಒಳ್ಳೆಯದೇ. ಆದರೆ ಬಡವನೂ ಶ್ರೀಮಂತನೂ ದಿನಾ ಬಳಸುವ ಕುರ್ಚಿ, ಕೊಡೆ, ಚೀಲಗಳು ಆ ಪಟ್ಟಿಯಲ್ಲಿ ಕಾಣಲಿಲ್ಲ. ಫ್ರಾನ್ಸಿನಲ್ಲಿ 2021ರಿಂದ ಕೆಲವು ಸಾಮಾನುಗಳ ಮೇಲೆ "ಇದನ್ನು ಎಷ್ಟರ ಮಟ್ಟಿಗೆ ರಿಪೇರಿ ಮಾಡಬಹುದು" ಎಂಬ ಅಂಕವನ್ನೇ ಮುದ್ರಿಸುತ್ತಾರೆ. ಅಂಥ ಅಂಕ ನಮ್ಮ ಕುರ್ಚಿಯ ಮೇಲೂ ಇರಲಿ ಎಂದು ಕೇಳುವುದು ಅತಿಯಾಸೆಯಲ್ಲ.

ಬಿಸಾಡಿದ್ದು ಮಾಯವಾಗುತ್ತದೆಂದು ಯಾರೂ ಭ್ರಮಿಸಬಾರದು. ಈ ನಗರದ ಕಸ ದಿನಕ್ಕೆ ಆರು ಸಾವಿರ ಟನ್ನಿಗೂ ಮಿಕ್ಕಿದೆ. 1927ರಿಂದ ಕಸ ಸುರಿಸಿಕೊಂಡ ದೇವನಾರದ ಗುಡ್ಡಕ್ಕೆ 2016ರ ಜನವರಿಯಲ್ಲಿ ಬೆಂಕಿ ಬಿದ್ದಾಗ ಹೊಗೆ ದಿನಗಟ್ಟಲೆ ಊರನ್ನು ಮುಸುಕಿತ್ತು. ಗೋವಂಡಿ, ಚೆಂಬೂರಿನಲ್ಲಿರುವ ನಮ್ಮ ಸದಸ್ಯ ಬಂಧುಗಳಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಕಬ್ಬಿಣ, ಅಲ್ಯುಮಿನಿಯಂಗಳನ್ನು ಭಂಗಾರದವರು ಹೆಕ್ಕಿಕೊಳ್ಳುತ್ತಾರೆ. ಪಿವಿಸಿ ಮೆತ್ತಿದ ಬಟ್ಟೆಯನ್ನು ಯಾರೂ ಮುಟ್ಟುವುದಿಲ್ಲ. ಅದು ಉರಿದರೆ ಆ ಹೊಗೆ ಕುಡಿಯಬೇಕಾದವರು ಯಾರದೋ ಮಕ್ಕಳು.

ಕೊನೆಯದಾಗಿ ನಮ್ಮ ಮನೆಯ ಮಾತು. ಗಾಳಗಾರರ ಕುರ್ಚಿಗೆ ಹೇಳಿದ ಧರ್ಮ ಸಂಘದ ಸಭಾಗೃಹದ ಕುರ್ಚಿಗೂ ಸಲ್ಲಬೇಕು. ನಮ್ಮ ಅಟ್ಟದ ಮೇಲೆ ಕಬ್ಬಿಣದ ಮಡಚುವ ಕುರ್ಚಿಗಳ ರಾಶಿ ಬಿದ್ದಿದೆ. ಅವನ್ನು ತೂಕಕ್ಕೆ ಹಾಕಿ ಅಚ್ಚಿನ ಪ್ಲಾಸ್ಟಿಕ್ ಕುರ್ಚಿ ತರಿಸುವ ಮಾತು ಕಾರ್ಯಕಾರಿ ಸಮಿತಿಯಲ್ಲಿ ಎದ್ದಿದೆಯೆಂದು ಕೇಳಿದ್ದೇವೆ. ಆ ಕುರ್ಚಿಗಳ ಬೆನ್ನ ಮೇಲೆ ಬಣ್ಣದಲ್ಲಿ ಬರೆದ ಹೆಸರುಗಳನ್ನು ಸಮಿತಿಯ ಮಹನೀಯರು ಒಮ್ಮೆ ಓದಬೇಕು. ತೀರಿಕೊಂಡ ತಂದೆಯ ಸ್ಮರಣೆಗೆಂದು, ಮಗಳ ಮದುವೆಯ ನೆನಪಿಗೆಂದು ಕೊಟ್ಟ ಕುರ್ಚಿಗಳವು. ಕೊಟ್ಟವರಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತವರಿದ್ದರು. ಒಂದು ಕುರ್ಚಿಯ ಹಣ ಅವರಿಗೆ ಸಣ್ಣದಾಗಿರಲಿಲ್ಲ. ಒಂದು ರಿವೆಟ್ ಹೋದದ್ದಕ್ಕೆ ಆ ಹೆಸರುಗಳನ್ನು ಕಿಲೋ ಲೆಕ್ಕದಲ್ಲಿ ಮಾರುವ ಅಧಿಕಾರವನ್ನು ನಮಗೆ ಯಾರು ಕೊಟ್ಟರು?

ಆದುದರಿಂದ ಬರುವ ಮಹಾಸಭೆಯ ಮುಂದೆ ನಮ್ಮ ಸೂಚನೆಗಳು ಇವು. ಹೊಸ ಕುರ್ಚಿಗೆ ದರಪಟ್ಟಿ ಕೇಳುವ ಮುನ್ನ ಅಟ್ಟದ ಕುರ್ಚಿಗಳನ್ನು ಇಳಿಸಿ, ಸರಿಯಿದ್ದದ್ದು, ಸರಿಯಾಗುವಂಥದ್ದು, ಆಗದ್ದು ಎಂದು ಮೂರು ಪಾಲು ಮಾಡಲಿ. ಮೂರನೆಯ ಪಾಲಿನಿಂದ ಎರಡನೆಯದಕ್ಕೆ ಬಿಡಿ ಭಾಗ ತೆಗೆಯಲಿ. ತಿಂಗಳಿಗೊಂದು ಭಾನುವಾರ ಸಭಾಗೃಹದಲ್ಲಿ ರಿಪೇರಿಯ ದಿನ ನಡೆಯಲಿ; ಕಾರ್ಖಾನೆಗಳಲ್ಲಿ ಫಿಟ್ಟರ್, ಟರ್ನರ್ ಆಗಿ ದುಡಿದು ನಿವೃತ್ತರಾದ ನಮ್ಮ ಹಿರಿಯರು ಕೈಗೆ ಸ್ಪ್ಯಾನರ್ ಕೊಟ್ಟು ಹುಡುಗ ಹುಡುಗಿಯರಿಗೆ ಕಲಿಸಲಿ, ಸದಸ್ಯರು ಮನೆಯ ಕುರ್ಚಿಗಳನ್ನೂ ತರಲಿ. ಮುಂದೆ ಏನೇ ಕೊಂಡರೂ ಬೋಲ್ಟು ಬಿಚ್ಚಲು ಬರುವಂಥದ್ದನ್ನೇ ಕೊಳ್ಳಬೇಕೆಂದು ನಡಾವಳಿ ಪುಸ್ತಕದಲ್ಲಿ ಬರೆಯಲಿ. ದುರಸ್ತಿಯ ಹಕ್ಕಿನ ಪಟ್ಟಿಗೆ ಪೀಠೋಪಕರಣಗಳನ್ನೂ ಸೇರಿಸಬೇಕೆಂದು ಸಂಘದ ಹೆಸರಿನಲ್ಲಿ ಗ್ರಾಹಕ ವ್ಯವಹಾರ ಇಲಾಖೆಗೆ ಒಂದು ಮನವಿ ಹೋಗಲಿ.

ಇದಕ್ಕೆ ಬೇಕಾದ್ದು ದೊಡ್ಡ ನಿಧಿಯಲ್ಲ. ಒಂದು ಡ್ರಿಲ್, ಒಂದು ಡಬ್ಬಿ ನಟ್ಟು ಬೋಲ್ಟು, ನಾಲ್ಕು ಜನರ ಭಾನುವಾರ. ಇಷ್ಟನ್ನೂ ಕೊಡಲಾಗದೆಂದು ಸಮಿತಿಯವರು ಹೇಳುವುದಾದರೆ, ಆ ಮಾತನ್ನು ಮಹಾಸಭೆಯಲ್ಲಿ ಎದ್ದು ನಿಂತು ಹೇಳಲಿ. ಕೇಳಲು ನಾವು ಬರುತ್ತೇವೆ. ಓದುಗ ಬಂಧುಗಳೂ ತಪ್ಪದೆ ಬರಬೇಕು.