ನಾಟಕಗೃಹ ಮತ್ತು ಪುಕ್ಕಟೆ ಪಾಸು

ನಮ್ಮ ಊರುಗಳಲ್ಲಿ ಚಿಕ್ಕ ನಾಟಕ ಮಂಡಲಿಯೊಂದು ಆಟವಾಡುವ ದಿನ ಮುಂದಿನ ಸಾಲುಗಳನ್ನು ಗಮನಿಸಿದವರಿಗೆ ಒಂದು ವಿಪರೀತವು ಕಣ್ಣಿಗೆ ಬೀಳದೆ ಇರದು. ಹೆಚ್ಚು ಬೆಲೆಯ ಕುರ್ಚಿಗಳಲ್ಲಿ ಆಸೀನರಾದವರಲ್ಲಿ ಅನೇಕರು ಪಾಸು ತರಿಸಿಕೊಂಡು ಬಂದವರು. ಹಿಂದಿನ ಬೆಂಚುಗಳಲ್ಲಿ ಕುಳಿತ ಕೂಲಿಕಾರರೂ ಅಂಗಡಿಯ ಗುಮಾಸ್ತರೂ ತಮ್ಮ ಗಂಟಿನಿಂದ ತೆತ್ತು ಬಂದವರು. ಶಕ್ತರು ಪುಕ್ಕಟೆಯಾಗಿ ನೋಡುವುದು, ಅಶಕ್ತರು ಮಂಡಲಿಯನ್ನು ಸಾಕುವುದು, ಇದು ಯಾವ ನ್ಯಾಯವೆಂದು ನಾವು ಕೇಳಬಯಸುತ್ತೇವೆ.

ನಾಟಕದಿಂದ ದೊರೆಯುವ ಸುಖವು ಬೇರೆ ಯಾವ ವಿನೋದದಿಂದಲೂ ದೊರೆಯತಕ್ಕುದಲ್ಲ. ಪ್ರೇಕ್ಷಕನು ನಕ್ಕರೂ ಅತ್ತರೂ ನಿದ್ರಿಸಿದರೂ ಚಲಚ್ಚಿತ್ರವು ಒಂದೇ ರೀತಿಯಾಗಿ ಓಡುತ್ತದೆ. ಅಂಗೈಯಲ್ಲಿನ ಮೊಬೈಲಿನ ಚಿತ್ರಗಳ ಮಾತೂ ಅದೇ. ರಂಗದ ಮೇಲಿನ ನಟನಾದರೋ ನಮ್ಮನ್ನು ಕೇಳಿಸಿಕೊಳ್ಳುತ್ತಾನೆ. ನಗೆಯೆದ್ದರೆ ಮುಂದಿನ ಮಾತನ್ನು ಕ್ಷಣಕಾಲ ತಡೆಯುತ್ತಾನೆ. ಸಭೆ ಸ್ತಬ್ಧವಾದರೆ ದನಿಯನ್ನು ತಗ್ಗಿಸುತ್ತಾನೆ. ಕಂಪನಿ ನಾಟಕಗಳಲ್ಲಿ ಪ್ರೇಕ್ಷಕರು 'ವನ್ಸ್ ಮೋರ್' ಎಂದು ಕೂಗಿ ಹಾಡನ್ನು ಮರಳಿ ಹಾಡಿಸುತ್ತಿದ್ದುದು ಈ ಸಂಬಂಧದ ಕುರುಹೇ ಆಗಿತ್ತು. ಸಣ್ಣ ನಾಟಕಗೃಹದಲ್ಲಿ ನಟನ ಉಸಿರೂ ಹುಬ್ಬಿನ ಚಲನೆಯೂ ಕಡೆಯ ಸಾಲಿಗೆ ಮುಟ್ಟುವುದರಿಂದ ಈ ಸಂಬಂಧವು ಇನ್ನೂ ನಿಕಟವಾಗುತ್ತದೆ.

ಕನ್ನಡ ರಂಗಭೂಮಿಯನ್ನು ಕಟ್ಟಿದವುಗಳಲ್ಲಿ ಸಣ್ಣ ಊರುಗಳ ಪಾಲು ಸಣ್ಣದಲ್ಲ. 1884ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ಹುಟ್ಟಿದ ಮಂಡಲಿಯು ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾಯಿತು, ರಾಜಕುಮಾರರೂ ಬಿ. ವಿ. ಕಾರಂತರೂ ಅಲ್ಲಿ ಬಣ್ಣ ಹಚ್ಚಿದವರೇ. ಸಾಗರದ ಬಳಿಯ ಹೆಗ್ಗೋಡಿನಲ್ಲಿ 1949ರಲ್ಲಿ ಹವ್ಯಾಸಿಗಳು ಕೂಡಿ ಆರಂಭಿಸಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘವು, ಕೆ. ವಿ. ಸುಬ್ಬಣ್ಣನವರ ನೇತೃತ್ವದಲ್ಲಿ 1972ರಲ್ಲಿ ಶಿವರಾಮ ಕಾರಂತ ರಂಗಮಂದಿರವನ್ನೂ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ ಪಡೆಯಿತು. 1985ರಲ್ಲಿ 'ತಿರುಗಾಟ'ವನ್ನು ಆರಂಭಿಸಿ ಊರೂರಿಗೆ ನಾಟಕವನ್ನು ಕೊಂಡೊಯ್ದಿತು. ರಾಜಧಾನಿಯ ವೈಭವವಿಲ್ಲದೆಯೂ ಒಂದು ಹಳ್ಳಿಯು ಇಷ್ಟನ್ನು ಸಾಧಿಸಿತೆಂದರೆ, ಸುತ್ತಣ ಜನರು ಬಂದು ಕುಳಿತು ನೋಡಿದುದೂ ಅದರ ಕಾರಣಗಳಲ್ಲೊಂದು.

ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಡೇರೆ ಹಾಕುವ ವೃತ್ತಿ ಕಂಪನಿಗಳ ನಾಟಕಗಳಲ್ಲಿ ಹಾಸ್ಯವು ಕೀಳಾಗಿದೆ, ದ್ವಂದ್ವಾರ್ಥವು ಹೆಚ್ಚಿದೆ ಎಂದು ವಿದ್ಯಾವಂತರು ಆಕ್ಷೇಪಿಸುವುದುಂಟು. ಆಕ್ಷೇಪವು ಪೂರ್ಣವಾಗಿ ನಿರಾಧಾರವೆಂದು ನಾವು ಹೇಳುವುದಿಲ್ಲ. ಆದರೆ ದಿನದ ಗಲ್ಲೆಯಿಂದಲೇ ನಟರ ಊಟವನ್ನೂ ಹಾರ್ಮೋನಿಯಮಿನವನ ಸಂಬಳವನ್ನೂ ಹೊಂದಿಸಬೇಕಾದ ಮಾಲೀಕನು, ಬಂದವರ ಇಷ್ಟವನ್ನು ನಡೆಸಬೇಕೇ ಹೊರತು ಬಾರದವರ ಇಷ್ಟವನ್ನು ನಡೆಸಲಾರನು. ಸದಭಿರುಚಿಯುಳ್ಳವರು ದೂರ ನಿಂತು ದೂಷಿಸುವುದರಿಂದ ನಾಟಕವು ಸುಧಾರಿಸದು. ಟಿಕೇಟು ಕೊಂಡವನ ಮೆಚ್ಚುಗೆಗೂ ಬೇಸರಕ್ಕೂ ಬೆಲೆಯುಂಟು. ಪಾಸಿನವನ ಟೀಕೆಗೆ ಅಷ್ಟು ತೂಕವೆಲ್ಲಿಂದ ಬಂದೀತು?

ಅಧಿಕಾರಿವರ್ಗದವರಿಗೆ ನಾವು ವಿಶೇಷವಾಗಿ ಅರಿಕೆ ಮಾಡಿಕೊಳ್ಳುವುದೊಂದಿದೆ. ಮೈದಾನದ ಅನುಮತಿ, ವಿದ್ಯುತ್ತಿನ ಜೋಡಣೆ, ಬಂದೋಬಸ್ತು ಇವೆಲ್ಲಕ್ಕೂ ಮಂಡಲಿಯು ಕಚೇರಿಗಳ ಬಾಗಿಲನ್ನು ಕಾಯಬೇಕಾಗುತ್ತದೆ. ಅಂಥವನಿಂದ ಕೇಳಿ ಪಡೆದ ಪಾಸನ್ನು ಉಡುಗೊರೆಯೆನ್ನಲಾಗದು. ಅದು ಬಾಯಿಬಿಟ್ಟು ನಿರಾಕರಿಸಲಾರದವನಿಂದ ಎತ್ತಿದ ಕಪ್ಪವು. 2018ರಲ್ಲಿ ನಾಟಕದ ಟಿಕೇಟುಗಳಿಗೆ ಸರಕು ಮತ್ತು ಸೇವಾ ತೆರಿಗೆಯಿಂದ ಇದ್ದ ವಿನಾಯಿತಿಯ ಮಿತಿಯನ್ನು 250 ರೂಪಾಯಿಯಿಂದ 500 ರೂಪಾಯಿಗೆ ಏರಿಸಲಾಯಿತು. ಸರಕಾರವೇ ಕೈಬಿಟ್ಟ ಕಂದಾಯವನ್ನು ಸರಕಾರದ ಸೇವಕರು ಕುರ್ಚಿಗಳ ರೂಪದಲ್ಲಿ ವಸೂಲು ಮಾಡುವುದು ಶೋಭಿಸುವುದೇ?

ಮಾಡತಕ್ಕುದು ಬಹಳವಿಲ್ಲ. ಅಧಿಕಾರಿಗಳು ಪಾಸನ್ನು ಹಿಂದಿರುಗಿಸಿ ತಮ್ಮ ಹಣದಿಂದಲೇ ಸಕುಟುಂಬರಾಗಿ ಬರಲಿ. ಒಬ್ಬ ಹಿರಿಯ ಅಧಿಕಾರಿಯು ಗಲ್ಲೆಯ ಮುಂದೆ ಸರದಿಯಲ್ಲಿ ನಿಂತರೆ ಆ ಊರಿನಲ್ಲಿ ಪಾಸು ಕೇಳುವವರ ಬಾಯಿ ತಾನಾಗಿಯೇ ಕಟ್ಟೀತು. ಪುರಸಭೆಗಳು ತಮ್ಮ ಸಭಾಭವನಗಳನ್ನು ತಿಂಗಳಲ್ಲಿ ಕೆಲವು ದಿನಗಳಾದರೂ ಸ್ಥಳೀಯ ಮಂಡಲಿಗಳಿಗೆ ಅಲ್ಪ ಬಾಡಿಗೆಗೆ ಮೀಸಲಿಡಲಿ. ನಾಗರಿಕರು ತಿಂಗಳಿಗೊಂದು ನಾಟಕವನ್ನಾದರೂ ಮಕ್ಕಳೊಡನೆ ನೋಡುವ ಪದ್ಧತಿಯನ್ನಿಟ್ಟುಕೊಳ್ಳಲಿ.

ಮಂಡಲಿಯೊಂದು ಮುಚ್ಚಿದ ಮೇಲೆ ಅದರ ಗುಣಗಾನ ಮಾಡುವವರಿಗೆ ನಮ್ಮಲ್ಲಿ ಬರಗಾಲವಿಲ್ಲ. ಸನ್ಮಾನದ ಶಾಲು ಮುಪ್ಪಿನಲ್ಲಿ ನಟನ ಹೆಗಲನ್ನೇನೋ ಮುಚ್ಚೀತು. ಅವನು ಬಣ್ಣ ಹಚ್ಚಿ ನಿಂತಿರುವ ಇಂದಿನ ರಾತ್ರಿ ಅವನಿಗೆ ಬೇಕಾದುದು ತುಂಬಿದ ಸಭೆ. ಅದನ್ನು ಕೊಡುವುದು ನಮ್ಮೆಲ್ಲರ ಕೈಯಲ್ಲಿದೆ.